ಸಾಯಣಭಾಷ್ಯವೂ ಬೆಳಕಿನ ವೇಗವೂ

ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಸಾಯಣಾಚಾರ್ಯರ ಋಗ್ವೇದಭಾಷ್ಯವನ್ನು ಪುಣೆಯ ವೈದಿಕ ಸಂಶೋಧನ ಮಂಡಲವು 1933ರಿಂದ 1951ರವರೆಗೆ ಸಂಪುಟಗಳಲ್ಲಿ ಪ್ರಕಟಿಸಿತು. ಪುಣೆಯ ಕನ್ನಡಿಗರಿಗೆ ಈ ಗ್ರಂಥವು ಎರಡು ಬಗೆಯಿಂದಲೂ ತಮ್ಮದು. ಆದುದರಿಂದಲೇ ಅದರ ಹೆಸರಿನಲ್ಲಿ ಹಬ್ಬಿರುವ ಒಂದು ವಾದವನ್ನು ಪರೀಕ್ಷಿಸತಕ್ಕದ್ದಾಗಿದೆ.

ಪ್ರಥಮ ಮಂಡಲದ 50ನೆಯ ಸೂಕ್ತದ 4ನೆಯ ಋಕ್ಕು ಸೂರ್ಯಸ್ತುತಿ. ಸೂರ್ಯನು ಅರ್ಧ ನಿಮೇಷದಲ್ಲಿ 2202 ಯೋಜನ ಕ್ರಮಿಸುವನೆಂಬ ಮಾತು ಅದರ ಭಾಷ್ಯದಲ್ಲಿದೆ. ಇದು ಬೆಳಕಿನ ವೇಗವೇ ಎಂಬುದು ವಾದ. ಯೋಜನಕ್ಕೆ 14.5 ಕಿಲೋಮೀಟರು, ಅಹೋರಾತ್ರಿಗೆ 4,05,000 ನಿಮೇಷ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 2,99,000 ಕಿಲೋಮೀಟರು ದೊರೆಯುವುದು ನಿಜ. ಇಂದಿನ ಮಾನವು 2,99,792.

ಆದರೆ ಉತ್ತರವನ್ನು ಮುಂದಿಟ್ಟುಕೊಂಡು ಮಾನಗಳನ್ನು ಆಯ್ದರೆ ಅದು ಲೆಕ್ಕವೆನಿಸದು. ಯೋಜನವು ಸುಮಾರು 8 ಕಿಲೋಮೀಟರು ಎಂಬ ಗಣನೆಯೂ ಉಂಟು. ಅದರಂತೆ ವೇಗವು 1,65,000ಕ್ಕೆ ಇಳಿಯುತ್ತದೆ. ವಿಷ್ಣುಪುರಾಣವು ಕಾಷ್ಠೆಗೆ 15 ನಿಮೇಷವೆಂದರೆ ಮನುಸ್ಮೃತಿಯು 18 ಎನ್ನುತ್ತದೆ. 14.5 ಕಿಲೋಮೀಟರಿನ ಯೋಜನಕ್ಕೆ ಮನುವಿನ ನಿಮೇಷವನ್ನು ಸೇರಿಸಿದರೆ 3,59,000 ಬರುತ್ತದೆ. ಇಷ್ಟೇ ಅಲ್ಲ. ಅಲ್ಲಿ ಹೇಳಿರುವುದು ಸೂರ್ಯನ ಗತಿ, ಕಿರಣದ್ದಲ್ಲ. ಸಾಯಣರೂ ಅದನ್ನು ಸ್ಮೃತಿಪರಂಪರೆಯ ಮಾತೆಂದು ಉದಾಹರಿಸುತ್ತಾರೆಯೇ ಹೊರತು ತಾವು ಅಳೆದೆವೆನ್ನುವುದಿಲ್ಲ. 1676ರಲ್ಲಿ ರೋಮರನು ಗುರುಗ್ರಹದ ಉಪಗ್ರಹದ ಗ್ರಹಣಗಳು ತಡವಾಗುವುದನ್ನು ಗಮನಿಸಿ, ಬೆಳಕು ಬರಲು ಕಾಲ ಬೇಕೆಂದು ತೋರಿಸಿದನು. ಅವನ ಅಂಕಿ ಸ್ಥೂಲವಾಗಿತ್ತು; ಆದರೆ ಅದನ್ನು ಪಡೆದ ದಾರಿಯನ್ನು ಇತರರೂ ನಡೆದು ನೋಡಬಹುದಾಗಿತ್ತು.

ಹಾಗಾದರೆ ನಮ್ಮ ಪರಂಪರೆಗೂ ಭೌತಶಾಸ್ತ್ರಕ್ಕೂ ನಂಟೇ ಇಲ್ಲವೆ? ಉಂಟು, ಅದನ್ನು ಮೃದಂಗದಲ್ಲಿ ಕಾಣಬಹುದು. ಬರಿಯ ಚರ್ಮದ ಮುಚ್ಚಳಿಕೆಯಿಂದ ಹೊರಡುವ ಉಪಸ್ವರಗಳು ಮೂಲಸ್ವರದೊಡನೆ ಹೊಂದವು. ನಡುವೆ ಕರಣೆಯನ್ನು ಹಚ್ಚಿದಾಗ ಅವು ಸುಸ್ವರವಾಗಿ ಹೊಂದಿಕೊಳ್ಳುತ್ತವೆಂಬುದನ್ನು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ವಾದ್ಯ ಮಾಡುವವನು ಪದರದ ಮೇಲೆ ಪದರ ಹಚ್ಚಿ, ಉಜ್ಜಿ, ಬಡಿದು, ಕಿವಿಗೊಟ್ಟು ತಿದ್ದುತ್ತಾನೆ. ಸಮೀಕರಣವು ಅವನಿಗೆ ತಿಳಿಯದಿರಬಹುದು. ಪರೀಕ್ಷೆ ಮಾತ್ರ ಅವನ ಕೈಯಲ್ಲಿಯೇ ಇದೆ.

ಪರೀಕ್ಷೆಯನ್ನು ಒಳಗೊಂಡ ಪರಂಪರೆಯೇ ವಿಜ್ಞಾನದ ನಿಜವಾದ ಬಂಧು. ಸಾಯಣರ ಹಿರಿಮೆಯು ವೇದಾರ್ಥವನ್ನು ಉಳಿಸಿಕೊಟ್ಟುದರಲ್ಲಿದೆ. ಅವರು ಹೇಳದ ಮಾತನ್ನು ಅವರಿಂದ ಹೇಳಿಸುವುದು ಗೌರವವಲ್ಲ, ಭಾಷ್ಯವನ್ನು ಓದದಿರುವುದರ ಗುರುತು.