ಧಾರವಾಡದ ಮುಸುವ, ಕೆನಡಾದ ಮಲತಂದೆ

ಅನುದಾನ ಹಂಚಿಕೆಯಲ್ಲಿ ತಮಗೆ ಅನ್ಯಾಯವಾಯಿತು ಎನ್ನುವವರೆಲ್ಲ ನಮ್ಮಲ್ಲಿ ಬಳಸುವ ಮಾತು 'ಮಲತಾಯಿ ಧೋರಣೆ'. ತಾನು ಹೆರದ ಮಗುವಿನ ಮೇಲೆ ಅಕ್ಕರೆ ಹುಟ್ಟುವುದಿಲ್ಲ ಎಂಬ ಹಳೆಯ ನಂಬಿಕೆ ಈ ಮಾತಿನ ಬೆನ್ನಿಗಿದೆ. ಈ ನಂಬಿಕೆಯನ್ನು ಅಜ್ಜಿಕಥೆಗಳಿಂದ ಎತ್ತಿ ಅಂಕಿ-ಅಂಶಗಳ ಅಂಗಳಕ್ಕೆ ತಂದವರು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಡೇಲಿ ಮತ್ತು ಮಾರ್ಗೊ ವಿಲ್ಸನ್. 1988ರ 'ಹೋಮಿಸೈಡ್' ಹಾಗೂ 1998ರ ಕಿರುಹೊತ್ತಗೆ 'ದಿ ಟ್ರೂತ್ ಅಬೌಟ್ ಸಿಂಡರೆಲಾ' ಅವರ ವಾದವನ್ನು ಮಂಡಿಸುತ್ತವೆ.

ಮನುಷ್ಯನ ಮನಸ್ಸೂ ದೇಹದಂತೆಯೇ ನಿಸರ್ಗದ ಆಯ್ಕೆಯಿಂದ ರೂಪುಗೊಂಡದ್ದು ಎನ್ನುವುದು ವಿಕಾಸಾತ್ಮಕ ಮನೋವಿಜ್ಞಾನದ ಮೂಲ ನಿಲುವು. ಅದರ ಸಮರ್ಥಕರು ತಮ್ಮ ಗಟ್ಟಿ ಸಾಧನೆಗಳೆಂದು ಎತ್ತಿ ತೋರಿಸುವ ಕೆಲವೇ ಉದಾಹರಣೆಗಳಲ್ಲಿ ಡೇಲಿ-ವಿಲ್ಸನ್ ಅವರ ಕೆಲಸವೂ ಒಂದು. ಆದ್ದರಿಂದಲೇ ಅದನ್ನು ಒರೆಗೆ ಹಚ್ಚಿ ನೋಡಬೇಕು. ಈ ಕಥೆಯ ಒಂದು ಎಳೆ ಆರಂಭವಾಗುವುದು ನಮ್ಮ ಧಾರವಾಡದ ಬಳಿಯ ಕಾಡಿನಲ್ಲಿ ಎಂಬುದು ನಮ್ಮ ಅಧ್ಯಾಪಕರಲ್ಲೂ ಹೆಚ್ಚು ಜನರಿಗೆ ತಿಳಿದಂತಿಲ್ಲ.

1960ರ ದಶಕದ ಆರಂಭದಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಯೂಕಿಮಾರು ಸುಗಿಯಾಮ ಅಲ್ಲಿ ಮುಸುವಗಳ ಗುಂಪುಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿದರು. ಅಲ್ಲಿನ ಅನೇಕ ಗುಂಪುಗಳಲ್ಲಿ ಹಲವು ಹೆಣ್ಣುಗಳಿಗೆ ಒಂದೇ ವಯಸ್ಕ ಗಂಡು. ಗುಂಪಿಲ್ಲದ ಗಂಡುಗಳು ಹೊರಗೆ ಹೊಂಚು ಹಾಕುತ್ತಿರುತ್ತವೆ. 1962ರಲ್ಲಿ ಇಂಥ ಗಂಡುಗಳ ತಂಡವೊಂದು ಒಂದು ಗುಂಪಿನ ಮೇಲೆ ಎರಗಿತು. ಹಳೆಯ ಯಜಮಾನನನ್ನು ಓಡಿಸಲಾಯಿತು, ಕೊನೆಗೆ ಹೊಸಬರಲ್ಲಿ ಒಂದು ಗಂಡು ಮಾತ್ರ ಉಳಿಯಿತು. ಮುಂದಿನ ವಾರಗಳಲ್ಲಿ ಗುಂಪಿನ ಎಳೆಮರಿಗಳು ಕಚ್ಚಿಸಿಕೊಂಡು ಒಂದೊಂದಾಗಿ ಇಲ್ಲವಾದವು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಹೊಸ ಗಂಡಿನೊಡನೆ ಕೂಡಿದವು. ಇದು ಆಕಸ್ಮಿಕವೇ ಎಂದು ತಿಳಿಯಲು ಸುಗಿಯಾಮ ಇನ್ನೊಂದು ಗುಂಪಿನ ಏಕೈಕ ಗಂಡನ್ನು ತಾವೇ ಹಿಡಿದು ಹೊರಗಿಟ್ಟರು. ಬೇರೊಂದು ಗಂಡು ಬಂತು, ಮತ್ತೆ ಮರಿಗಳು ಸತ್ತವು. ಇಂದಿನ ನೀತಿಸಮಿತಿಗಳು ಈ ಪ್ರಯೋಗಕ್ಕೆ ಅನುಮತಿ ಕೊಡುತ್ತಿದ್ದವೇ ಎಂಬುದು ಅನುಮಾನ.

ಆಗಿನ ವಿದ್ವಾಂಸರು ಇದನ್ನು ಸುಲಭವಾಗಿ ನಂಬಲಿಲ್ಲ. ಪ್ರಾಣಿಗಳ ನಡವಳಿಕೆ ಜಾತಿಯ ಒಳಿತಿಗಾಗಿ ಎಂಬ ಕಲ್ಪನೆ ಬಲವಾಗಿದ್ದ ಕಾಲವದು. ಉತ್ತರ ಭಾರತದಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದ್ದ ಫಿಲಿಸ್ ಡಾಲ್ಹಿನೊ ಕಂಡದ್ದು ಶಾಂತ ಸಮಾಜ. ಮರಿಗಳ ಹತ್ಯೆ ಜನವಸತಿಯ ಒತ್ತಡದಿಂದ ಹುಟ್ಟಿದ ವಿಕೃತಿ ಎಂಬುದು ಅವರ ಪಕ್ಷ. 1970ರ ದಶಕದಲ್ಲಿ ರಾಜಸ್ಥಾನದ ಅಬು ಬೆಟ್ಟಕ್ಕೆ ಬಂದ ಸಾರಾ ಬ್ಲಾಫರ್ ಹರ್ಡಿ ಕೂಡ ಮೊದಲು ಹಾಗೆಯೇ ಊಹಿಸಿದ್ದರು. ನೋಡುತ್ತಾ ಹೋದಂತೆ ಅವರ ಅಭಿಪ್ರಾಯ ಬದಲಾಯಿತು. ಹಾಲೂಡುವ ತಾಯಿ ಬೆದೆಗೆ ಬರುವುದು ತಡ, ಗಂಡಿನ ಯಜಮಾನಿಕೆಯೋ ಕೆಲವೇ ವರ್ಷ. ಪರರ ಮರಿಯನ್ನು ಕೊಂದ ಗಂಡಿಗೆ ತನ್ನ ಸಂತಾನ ಪಡೆಯಲು ಸಮಯ ಉಳಿಯುತ್ತದೆ. ಇದು ಸರಿಯಾದರೆ ಕೊಲ್ಲುವ ಗಂಡು ಆ ಮರಿಯ ತಂದೆಯಾಗಿರಬಾರದು. ನೇಪಾಳದ ರಾಮನಗರದಲ್ಲಿ ಕರೋಲಾ ಬೋರೀಸ್ ಮತ್ತು ಸಂಗಡಿಗರು ಡಿಎನ್‌ಎ ಪರೀಕ್ಷೆಯಿಂದ 1999ರಲ್ಲಿ ತೋರಿಸಿದ್ದು ಇದನ್ನೇ: ದಾಳಿ ಮಾಡಿದ ಗಂಡುಗಳು ತಾವು ಎರಗಿದ ಮರಿಗಳ ತಂದೆಯರಲ್ಲ. ಊಹೆಯೊಂದು ತಾನು ಸೋಲಬಹುದಾದ ಪರೀಕ್ಷೆಗೆ ಒಡ್ಡಿಕೊಂಡು ಗೆದ್ದಿತು. ವಿಜ್ಞಾನ ನಡೆಯಬೇಕಾದ ರೀತಿ ಇದು.

ಈಗ ಮನುಷ್ಯನ ಕಡೆಗೆ ಬರೋಣ. ಕೆನಡಾದ 1974ರಿಂದ 1983ರವರೆಗಿನ ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿದ ಡೇಲಿ ಮತ್ತು ವಿಲ್ಸನ್, ತೀರಾ ಎಳೆಯ ಮಕ್ಕಳು ಹೆತ್ತವರ ಕೈಯಲ್ಲಿ ಸಾಯುವುದಕ್ಕಿಂತ ಮನೆಯಲ್ಲಿರುವ ಮಲಪೋಷಕರ ಕೈಯಲ್ಲಿ ಸಾಯುವ ಪ್ರಮಾಣ ಸುಮಾರು 70 ಪಟ್ಟು ಹೆಚ್ಚು ಎಂದರು. ಈ ಸಂಖ್ಯೆ ಜಗತ್ತನ್ನೆಲ್ಲ ಸುತ್ತಿತು. ಜನಪ್ರಿಯ ಬರಹಗಳಲ್ಲಿ ಮುಸುವದ ಪಕ್ಕದಲ್ಲೇ ಮಲತಂದೆಯನ್ನು ನಿಲ್ಲಿಸಿ, 'ಕೊಲ್ಲುವುದು ಗಂಡಿನ ಸ್ವಭಾವ' ಎಂದು ಬರೆಯಲಾಯಿತು.

ಇಲ್ಲಿಯೇ ಎಡವಟ್ಟು. ಡೇಲಿ ಮತ್ತು ವಿಲ್ಸನ್ ಹೇಳಿದ್ದು ಹಾಗಲ್ಲ. ಮುಸುವದ ಹತ್ಯೆ ಆಯ್ಕೆಯಿಂದ ರೂಪುಗೊಂಡ ತಂತ್ರವಾದರೆ, ಮನುಷ್ಯರಲ್ಲಿ ಅಂಥ ತಂತ್ರವಿಲ್ಲ ಎಂಬುದನ್ನು ಅವರೇ ಸ್ಪಷ್ಟಪಡಿಸಿದ್ದಾರೆ; ಹೆಂಡತಿಯ ಮಗುವನ್ನು ಕೊಂದವನಿಗೆ ಸಿಗುವುದು ಸಂತಾನವಲ್ಲ, ಸೆರೆಮನೆ. ಆಯ್ಕೆಗೆ ಒಳಪಟ್ಟದ್ದು ಸ್ವಂತ ಮಗುವಿನ ಮೇಲಿನ ಮಮತೆ; ಆ ಮಮತೆ ಇಲ್ಲದೆಡೆ ಸಹನೆ ಬೇಗ ಮುಗಿಯುತ್ತದೆ, ಹಿಂಸೆ ಅದರ ಉಪ ಉತ್ಪನ್ನ ಎಂಬುದು ಅವರ ವಾದ. ಎರಡೂ ವಿವರಣೆಗಳು ಬೇರೆ ಬೇರೆ. ಧಾರವಾಡದ ಸಾಕ್ಷ್ಯ ಒಂದಕ್ಕೆ ಆಧಾರವಾದರೆ ಇನ್ನೊಂದಕ್ಕೂ ಆಯಿತು ಎನ್ನಲಾಗದು.

70ರ ಗುಣಕವನ್ನೂ ಎಚ್ಚರದಿಂದ ಓದಬೇಕು. ಉದಾಹರಣೆಗೆ, ಹೆತ್ತವರೊಂದಿಗಿರುವ ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 10 ಸಾವು ಎಂದು ಇಟ್ಟುಕೊಳ್ಳೋಣ. ಅದರ 70 ಪಟ್ಟು ಎಂದರೆ 700. ಉಳಿದ 9,99,300 ಮಕ್ಕಳ ಮಲಪೋಷಕರು ಯಾರನ್ನೂ ಕೊಂದಿಲ್ಲ. ಸ್ವಭಾವ ಎಂಬ ಪದವನ್ನು 700ರಿಂದ ಕಟ್ಟುವುದೇ, 9,99,300ರಿಂದ ಕಟ್ಟುವುದೇ? ಹಾಜರಿ ಪುಸ್ತಕದಲ್ಲಿ ಮಲತಂದೆಯ ಹೆಸರಿರುವ ವಿದ್ಯಾರ್ಥಿಯನ್ನು ಕಂಡೊಡನೆ ಮನೆಯ ಬಗ್ಗೆ ಸಂಶಯಪಡುವ ಅಧ್ಯಾಪಕರು ಅನುಪಾತವನ್ನು ಸಂಭಾವ್ಯತೆ ಎಂದು ತಪ್ಪಾಗಿ ಓದುತ್ತಿದ್ದಾರೆ. ಹಾಗೆ ಓದಿದ್ದರ ಭಾರ ಹೊರುವುದು ಆ ಮಗು.

ದಾಖಲೆಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 1990ರಿಂದ 1998ರವರೆಗಿನ ಮಕ್ಕಳ ಸಾವುಗಳನ್ನು ಮರುಪರಿಶೀಲಿಸಿದಾಗ, ದೌರ್ಜನ್ಯದಿಂದಾದ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮರಣಪತ್ರದಲ್ಲಿ ಹಾಗೆಂದು ನಮೂದಾಗಿದ್ದವು. ಆರೋಪಿ ಹೆತ್ತವರಲ್ಲದಿದ್ದರೆ ಹಾಗೆ ನಮೂದಾಗುವ ಸಂಭವವೂ ಹೆಚ್ಚು. ತಾಯಿಯ ಕೈಯಲ್ಲಿ ಸತ್ತ ಕೂಸು 'ಬಿದ್ದು ಸತ್ತಿತು' ಎನಿಸಿಕೊಳ್ಳಬಹುದು, ಮಲತಂದೆಯ ಕೈಯಲ್ಲಿ ಸತ್ತದ್ದು ಕೊಲೆ ಎನಿಸಿಕೊಳ್ಳುತ್ತದೆ. ತತ್ತ್ವಶಾಸ್ತ್ರಜ್ಞ ಡೇವಿಡ್ ಬುಲ್ಲರ್ 2005ರ 'ಅಡಾಪ್ಟಿಂಗ್ ಮೈಂಡ್ಸ್' ಪುಸ್ತಕದಲ್ಲಿ ಒತ್ತು ಕೊಟ್ಟದ್ದು ಇದಕ್ಕೆ. ಆಕ್ಷೇಪಣೆ ನ್ಯಾಯವಾದದ್ದು, ಆದರೆ ಅದರ ಬಲಕ್ಕೂ ಮಿತಿಯಿದೆ. ಅರ್ಧದಷ್ಟು ಸಾವುಗಳು ತಪ್ಪಿಹೋದವೆಂದರೂ 70 ಪಟ್ಟು ಅಂತರ ಒಂದಕ್ಕೆ ಇಳಿಯದು. ಸ್ವೀಡನ್ನಿನಲ್ಲಿ ಇಂಥ ಅಂತರವೇ ಇಲ್ಲ ಎಂದು 2000ದಲ್ಲಿ ಸಂಶೋಧಕರು ಪ್ರಕಟಿಸಿದಾಗ, ಡೇಲಿ-ವಿಲ್ಸನ್ ಅದೇ ದತ್ತಾಂಶದಿಂದ ಐದು ವರ್ಷದೊಳಗಿನವರನ್ನು ಬೇರ್ಪಡಿಸಿ ಸುಮಾರು ಎಂಟು ಪಟ್ಟು ಅಂತರ ತೋರಿಸಿದರು. ಹಾಗಾಗಿ ವ್ಯತ್ಯಾಸ ನಿಜ, ಆದರೆ ಅದರ ಗಾತ್ರ ದೇಶ, ಕಾಲ, ದಾಖಲೆಗಳಿಗೆ ತಕ್ಕಂತೆ ಬದಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ವ್ಯತ್ಯಾಸ ಒಪ್ಪಿದರೂ ಕಾರಣ ಸಿದ್ಧವಾಗದು. ಕಾರಣ ರಕ್ತಸಂಬಂಧದ ಅಭಾವವೇ ಆಗಿದ್ದರೆ ದತ್ತು ಮಕ್ಕಳಿಗೂ ಅಪಾಯ ಹೆಚ್ಚಬೇಕಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಲಪೋಷಕರಿರುವ ಮನೆಗಳಲ್ಲಿ ದೌರ್ಜನ್ಯ ಹೆಚ್ಚು ಕಂಡುಬಂತು, ದತ್ತು ಮನೆಗಳಲ್ಲಿ ಕಾಣಲಿಲ್ಲ. ದತ್ತು ಪಡೆಯುವವರು ಮಗು ಬೇಕೆಂದೇ ಬಂದವರು, ಸಂಸ್ಥೆಗಳು ಸೋಸಿ ಆರಿಸಿದವರು ಎಂಬ ಉತ್ತರವಿದೆ. ಸರಿಯಾದ ಉತ್ತರವೇ. ಆದರೆ ಹಾಗೆಂದೊಡನೆ ಮಗು ಬೇಕೆಂಬ ಇಚ್ಛೆ, ಮನೆಯ ಸ್ಥಿತಿ, ವ್ಯಕ್ತಿಯ ಪೂರ್ವ ಇತಿಹಾಸ ಇವೂ ನಿರ್ಣಾಯಕ ಎಂದು ಒಪ್ಪಿದಂತಾಯಿತು. ಇನ್ನೊಂದು ತಕ್ಕಡಿಯಲ್ಲಿ ಟಾಂಜಾನಿಯಾದ ಹಡ್ಜಾ ಜನರಿದ್ದಾರೆ. ಈ ಬೇಟೆಗಾರ ಸಮುದಾಯದಲ್ಲಿ ಗಂಡಸರು ಮಲಮಕ್ಕಳಿಗಿಂತ ಸ್ವಂತ ಮಕ್ಕಳನ್ನು ಹೆಚ್ಚು ಆರೈಕೆ ಮಾಡುತ್ತಾರೆ ಎಂದು ಫ್ರಾಂಕ್ ಮಾರ್ಲೊ 1999ರಲ್ಲಿ ವರದಿ ಮಾಡಿದರು. ಆರೈಕೆಯಲ್ಲಿ ಪಕ್ಷಪಾತ ಉಂಟು ಎನ್ನಲು ಇದು ಒಳ್ಳೆಯ ಸಾಕ್ಷ್ಯ, ಹಿಂಸೆಗೆ ಅಲ್ಲ.

ಸ್ವತಃ ಹರ್ಡಿ ಎಲ್ಲಿಗೆ ತಲುಪಿದರು? 2009ರ 'ಮದರ್ಸ್ ಅಂಡ್ ಅದರ್ಸ್' ಕೃತಿಯಲ್ಲಿ ಅವರ ವಿಷಯ ಪರರ ಮಕ್ಕಳನ್ನು ಸಾಕುವ ಮನುಷ್ಯ. ಚಿಂಪಾಂಜಿ ತಾಯಿ ಹಸುಗೂಸನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ನಮ್ಮಲ್ಲಿ ಕೂಸು ಅಜ್ಜಿ, ಅಕ್ಕ, ನೆರೆಯವರ ಸೊಂಟ ಸುತ್ತಿ ಬರುತ್ತದೆ. ಇದೂ ವಿಕಾಸದ ಫಲವೇ ಎನ್ನುತ್ತಾರೆ ಅವರು. ಮಲತಂದೆಯ ಬಗ್ಗೆ ಬರೆಯುವ ಜನಪ್ರಿಯ ಲೇಖಕರು ಹರ್ಡಿಯವರ 1970ರ ದಶಕದ ಕೆಲಸವನ್ನು ಉಲ್ಲೇಖಿಸಿ, ಈ ಪುಸ್ತಕವನ್ನು ಕೈಬಿಡುವುದು ನನಗೆ ಸೋಜಿಗ.

ಈ ವಾದವನ್ನು ಇನ್ನೂ ಚೊಕ್ಕವಾಗಿ ಪರೀಕ್ಷಿಸಬಹುದು, ಅದಕ್ಕೆ ಬೇಕಾದ ಕುಟುಂಬಗಳು ನಮ್ಮಲ್ಲೇ ಇವೆ. ಹೆಂಡತಿ ತೀರಿಕೊಂಡಾಗ ಅವಳ ತಂಗಿಯನ್ನೇ ಮದುವೆಯಾಗುವ ರೂಢಿ ಕರ್ನಾಟಕದ ಹಲವು ಸಮುದಾಯಗಳಲ್ಲಿ ಉಂಟು. ಮಲತಾಯಿಯನ್ನೂ ತಾಯಿಯ ತಂಗಿಯನ್ನೂ ನಾವು 'ಚಿಕ್ಕಮ್ಮ' ಎಂದೇ ಕರೆಯುತ್ತೇವೆ. ಅಕ್ಕನ ಮಗುವಿನೊಡನೆ ಈ ಚಿಕ್ಕಮ್ಮನ ರಕ್ತಸಂಬಂಧ ಕಾಲುಭಾಗ, ಹೊರಗಿನಿಂದ ಬಂದ ಚಿಕ್ಕಮ್ಮನದು ಶೂನ್ಯ; ಮಿಕ್ಕಂತೆ ಇಬ್ಬರ ಸ್ಥಾನವೂ ಒಂದೇ. ಮಕ್ಕಳ ತೂಕ, ಲಸಿಕೆ, ಶಾಲೆಯ ಹಾಜರಿ ಇವುಗಳಲ್ಲಿ ಈ ಎರಡು ಬಗೆಯ ಮನೆಗಳನ್ನು ಹೋಲಿಸಿ ನೋಡಬೇಕು. ತಂಗಿ ಆ ಮಗುವನ್ನು ಮೊದಲೇ ಎತ್ತಿ ಆಡಿಸಿದ್ದಳೇ ಎಂಬುದನ್ನು ಮಾತ್ರ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.