ಬಿರುಗೂದಲಿಗಿಂತ ನೊರೆ ಮುಖ್ಯ

ಅಮೆರಿಕದ ಸ್ವಸೇವಾ ಕಾರ್ ವಾಷ್‌ಗಳಲ್ಲಿ, ಅಂದರೆ ಹಣ ಹಾಕಿದ ವಾಹನ ಮಾಲೀಕನೇ ಕೈಯಾರೆ ಕಾರು ತೊಳೆದುಕೊಳ್ಳುವ ತಾಣಗಳಲ್ಲಿ, ಗೋಡೆಯ ಮೇಲಿನ ತಿರುಗುಗುಂಡಿಯು ಒತ್ತಡದ ನೀರು, ಸಾಬೂನು, ನೊರೆ ಬ್ರಷ್, ಮೇಣ ಎಂದು ಹಲವು ಸೇವೆಗಳನ್ನು ಸಾಲಾಗಿ ತೋರಿಸುತ್ತದೆಯಾದರೂ, ಇವುಗಳಲ್ಲಿ ಕಾರಿನ ಮೈಯನ್ನು ನೇರವಾಗಿ ಉಜ್ಜುವುದು ನೊರೆ ಬ್ರಷ್ ಒಂದೇ. ಒತ್ತಡದ ನೀರು ಮಣ್ಣನ್ನು ಕೆಡವಬಲ್ಲದೇ ಹೊರತು, ರಸ್ತೆಯ ಎಣ್ಣೆ ಮತ್ತು ಧೂಳು ಸೇರಿ ಕಟ್ಟಿಕೊಳ್ಳುವ ತೆಳುಪೊರೆಯನ್ನು ಪೂರ್ತಿಯಾಗಿ ಬಿಡಿಸಲಾರದು. ಆ ಪೊರೆ ಹೋಗಬೇಕಾದರೆ ಮೃದುವಾದ ಉಜ್ಜುವಿಕೆ ಬೇಕೇ ಬೇಕು. ಹೀಗಾಗಿ ಇಡೀ ತಾಣದಲ್ಲಿ ಅತ್ಯಂತ ಅಗತ್ಯವಾದ ಸಾಧನವೂ ನೊರೆ ಬ್ರಷ್ಷೇ, ತಪ್ಪಿದರೆ ಅತ್ಯಂತ ಹಾನಿ ಮಾಡುವ ಸಾಧನವೂ ಅದೇ.

ಹಾನಿಯ ಮೂಲವನ್ನು ಮೊದಲು ಅರಿತರೆ ಆಯ್ಕೆ ಸುಲಭವಾಗುತ್ತದೆ. ಇಂದಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಬಿಸಿಲಿನಲ್ಲಿ ಕಾಣಿಸುವ ಸುರುಳಿ ಗೀರುಗಳು ಈ ಲೇಪದ ಮೇಲೆ ಮೂಡಿದವು. ಸುಸ್ಥಿತಿಯಲ್ಲಿರುವ ಮೃದು ಬ್ರಷ್ಷಿನ ಎಳೆ ತಾನಾಗಿ ಗೀರುವುದು ಅಪರೂಪ. ಗೀರುವುದು ಎಳೆಗಳ ನಡುವೆ ಸಿಕ್ಕಿಕೊಂಡ ಮರಳು, ಏಕೆಂದರೆ ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಜ್, ಕಾಠಿಣ್ಯವನ್ನು ಅಳೆಯುವ ಮೋಸ್ ಮಾನದಲ್ಲಿ 7ನೆಯ ಸ್ಥಾನದಲ್ಲಿದ್ದು, ಯಾವ ಬಣ್ಣದ ಲೇಪಕ್ಕಿಂತಲೂ ಗಟ್ಟಿಯಾಗಿದೆ. ಆದ್ದರಿಂದ ಬ್ರಷ್ಷನ್ನು ಅಳೆಯಬೇಕಾದ ಪ್ರಶ್ನೆಗಳು ಎರಡೇ: ಸಿಕ್ಕಿದ ಮರಳನ್ನು ಅದು ಎಷ್ಟು ಬೇಗ ಬಿಟ್ಟುಕೊಡುತ್ತದೆ, ಮತ್ತು ಎಳೆಗೂ ಲೇಪಕ್ಕೂ ನಡುವೆ ಎಷ್ಟು ನೊರೆಯನ್ನು ನಿಲ್ಲಿಸುತ್ತದೆ.

ಎಳೆಗಳಲ್ಲಿ ಹಳೆಯ ಗೌರವ ಹಂದಿಯ ಬಿರುಗೂದಲಿಗೆ ಸಲ್ಲುತ್ತದೆ. ಬುಡದಿಂದ ತುದಿಯವರೆಗೆ ಕ್ರಮೇಣ ಸಣ್ಣಗಾಗುತ್ತ ಹೋಗಿ, ತುದಿಯಲ್ಲಿ ಹಲವು ಕವಲುಗಳಾಗಿ ಸೀಳಿರುವುದು ಈ ಕೂದಲಿನ ಸಹಜ ಗುಣ. ನೀರನ್ನು ಹೀರಿಕೊಂಡಾಗ ಅದು ಮತ್ತಷ್ಟು ಮೆದುವಾಗಿ, ಕವಲುಗಳ ನಡುವೆ ನೊರೆಯನ್ನು ಹಿಡಿದಿಡುತ್ತದೆ. ಹಲ್ಲುಜ್ಜುವ ಬ್ರಷ್ಷುಗಳಲ್ಲಿ ಡ್ಯೂಪಾಂಟ್ ಸಂಸ್ಥೆಯ ನೈಲಾನ್ 1938ರಲ್ಲಿ ಬಂದು ಹಂದಿಗೂದಲನ್ನು ಕ್ರಮೇಣ ಹೊರಹಾಕಿತಾದರೂ, ಕಾರಿನ ಮೈಯ ಮಟ್ಟಿಗೆ ಅದರ ಸ್ಥಾನ ಇನ್ನೂ ಉಳಿದಿರುವುದಕ್ಕೆ ಈ ಗುಣಗಳೇ ಕಾರಣ. ನೈಲಾನ್, ಪಾಲಿಸ್ಟೈರೀನ್, ಪಾಲಿಪ್ರೊಪಿಲೀನ್ ಎಂಬ ಕೃತಕ ಎಳೆಗಳಲ್ಲಿ ಅದೇ ಪರಿಣಾಮವನ್ನು ತರಲು ತಯಾರಕರು ತುದಿಗಳನ್ನು ಯಂತ್ರದಿಂದ ಸೀಳುತ್ತಾರೆ. ಕೊಳ್ಳುವವರು ಬೆರಳಿನಿಂದ ತುದಿಯನ್ನು ಸವರಿ ನೋಡಿದರೆ ಸೀಳಿದ ಎಳೆಗೂ ಮೊಂಡಾಗಿ ಕತ್ತರಿಸಿದ ಎಳೆಗೂ ಇರುವ ಅಂತರ ಕೂಡಲೇ ತಿಳಿಯುತ್ತದೆ. ಮೊಂಡು ತುದಿಯ ಬ್ರಷ್ ಟೈರಿಗೆ ಸರಿ, ಬಣ್ಣಕ್ಕೆ ಸಲ್ಲದು.

ಬೆಲೆಗಿಂತ ಮೊದಲು ನೋಡಬೇಕಾದುದು ತಾಣದಲ್ಲಿ ಬಳಸುವ ರಾಸಾಯನಿಕಗಳನ್ನು. ಹಂದಿಗೂದಲು ಕೆರಟಿನ್ ಎಂಬ ಪ್ರೋಟೀನಿನಿಂದಾಗಿದ್ದು, ಪ್ರಬಲ ಕ್ಷಾರದ ದ್ರಾವಣಕ್ಕೆ ಸಿಕ್ಕಿದರೆ ಶಿಥಿಲವಾಗುತ್ತದೆ. ಸದಾ ಒದ್ದೆಯಾಗಿದ್ದರೆ ಬೂಷ್ಟು ಹಿಡಿಯುತ್ತದೆ. ನೈಲಾನ್ ಕ್ಷಾರವನ್ನು ತಡೆದುಕೊಂಡರೂ ಚಕ್ರಗಳನ್ನು ತೊಳೆಯುವ ಪ್ರಬಲ ಆಮ್ಲಗಳಿಗೆ ಸೋಲುತ್ತದೆ. ಪಾಲಿಸ್ಟೈರೀನ್ ಮುಟ್ಟಲು ಮೆದುವಾಗಿದ್ದರೂ ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ತಯಾರಾಗುವ ಜಿಡ್ಡುನಿವಾರಕಗಳಲ್ಲಿ ಕರಗಿಹೋಗುತ್ತದೆ. ಪಾಲಿಪ್ರೊಪಿಲೀನ್ ಕ್ಷಾರ, ಆಮ್ಲಗಳೆರಡನ್ನೂ ತಾಳಿಕೊಳ್ಳುತ್ತದೆ, ಆದರೆ ನೀರನ್ನು ಹೀರದ ಕಾರಣ ಒದ್ದೆಯಾದರೂ ಮೆದುವಾಗುವುದಿಲ್ಲ, ಒಮ್ಮೆ ಬಾಗಿದರೆ ಬಾಗಿಯೇ ಉಳಿಯುತ್ತದೆ. ಸೌಮ್ಯ ಶಾಂಪೂ ಬಳಸುವ ಕಡೆ ಹಂದಿಗೂದಲಿಗೆ ಸಮನಾದುದಿಲ್ಲ; ತೀಕ್ಷ್ಣ ಕ್ಷಾರ ದ್ರಾವಣ ಬಳಸುವ ಕಡೆ ತುದಿ ಸೀಳಿದ ನೈಲಾನೇ ವಿವೇಕದ ಆಯ್ಕೆ.

ಎಷ್ಟೇ ಒಳ್ಳೆಯ ಎಳೆಯಾದರೂ ನೊರೆಯಿಲ್ಲದೆ ಅದು ಒಣ ಪೊರಕೆಯೇ ಸರಿ. ಸಾಬೂನಿನ ದ್ರಾವಣಕ್ಕೆ ಸಂಕುಚಿತ ಗಾಳಿಯನ್ನು ಸೇರಿಸಿ, ಸಣ್ಣ ಜಾಲರಿ ಅಥವಾ ಮಣಿಗಳು ತುಂಬಿದ ಕೊಳವೆಯ ಮೂಲಕ ಹಾಯಿಸಿದಾಗ ನೊರೆ ಹುಟ್ಟುತ್ತದೆ. ದ್ರಾವಣವು ಗಾಳಿಯ ಕೊಳವೆಗೆ ಹಿಂದಿರುಗದಂತೆ ಏಕಮುಖ ಕವಾಟವೊಂದು ತಡೆಯುತ್ತದೆ. ಗಾಳಿ ಹೆಚ್ಚಾದರೆ ನೊರೆ ನೋಡಲು ಸೊಂಪಾಗಿದ್ದರೂ ಒಣಗಿದಂತಿದ್ದು ಜಾರಿಕೆಯನ್ನು ಕೊಡುವುದಿಲ್ಲ. ಕಡಿಮೆಯಾದರೆ ದ್ರಾವಣ ನೀರಾಗಿ ಸೋರಿಹೋಗುತ್ತದೆ. ಕಾರಿನ ಬಾಗಿಲ ಮೇಲೆ ನಿಂತು, ನಿಧಾನವಾಗಿ ಜಾರಿ, ಹಿಂದೆ ಒದ್ದೆಯ ಗೆರೆಯನ್ನು ಬಿಡುವ ನೊರೆಯೇ ಹದವಾದ ನೊರೆ. ಯಂತ್ರದ ಕೋಣೆಯಲ್ಲಿ ಹುಟ್ಟಿದ ನೊರೆ ಉದ್ದದ ಕೊಳವೆಯಲ್ಲಿ ಸಾಗುವಾಗ ಗುಳ್ಳೆಗಳು ಒಂದಕ್ಕೊಂದು ಕೂಡಿ ಒಡೆಯುವುದರಿಂದ, ನೊರೆ ಹುಟ್ಟಿಸುವ ಕೊಳವೆಯನ್ನು ಬ್ರಷ್ಷಿಗೆ ಹತ್ತಿರ ತಂದು ಜೋಡಿಸುವುದು ಮೊದಲ ಸುಧಾರಣೆಯಾಗಬೇಕು.

ಎರಡನೆಯ ಸುಧಾರಣೆ ಬ್ರಷ್ಷಿನ ತಲೆಯೊಳಗಿನದು. ನಡುವಿನ ಒಂದೇ ರಂಧ್ರದಿಂದ ನೊರೆ ಹೊರಬಂದರೆ ಅಂಚಿನ ಎಳೆಗಳು ಒಣಗಿಯೇ ಉಳಿಯುತ್ತವೆ, ಗೀರುಗಳು ಅಲ್ಲಿಂದಲೇ ಹುಟ್ಟುತ್ತವೆ. ತಲೆಯ ಹಿಂಭಾಗದಲ್ಲಿ ನೊರೆ ಹರಡಿಕೊಳ್ಳಲು ಟೊಳ್ಳು ಜಾಗವಿದ್ದರೆ, ಎಳೆಗಳ ಸಾಲುಗಳ ನಡುವೆ ಹೊಸ ರಂಧ್ರಗಳನ್ನು ಕೊರೆಯಬಹುದು, ಆದರೆ ಅವುಗಳ ಒಟ್ಟು ವಿಸ್ತಾರ ಒಳಬರುವ ಕೊಳವೆಯ ಬಾಯಿಯ ವಿಸ್ತಾರವನ್ನು ಮೀರಬಾರದು. ಮೀರಿದರೆ ಒತ್ತಡ ಕುಸಿದು, ಕೊಳವೆಗೆ ಹತ್ತಿರದ ರಂಧ್ರಗಳಿಂದಷ್ಟೇ ನೊರೆ ಬರುತ್ತದೆ. ಕೊಳವೆಯ ಒಳವ್ಯಾಸ 9 ಮಿಲಿಮೀಟರ್ ಇದ್ದರೆ ಅದರ ವಿಸ್ತಾರ ಸುಮಾರು 64 ಚದರ ಮಿಲಿಮೀಟರ್, 2.5 ಮಿಲಿಮೀಟರ್ ವ್ಯಾಸದ ಒಂದು ರಂಧ್ರಕ್ಕೆ ಸುಮಾರು 5 ಚದರ ಮಿಲಿಮೀಟರ್ ಬೇಕಾಗುವುದರಿಂದ, ನಡುವಿನ ದೊಡ್ಡ ರಂಧ್ರವನ್ನು ಮುಚ್ಚಿ ಅಂತಹ 12 ರಂಧ್ರಗಳನ್ನು ಅಂಚಿನತ್ತ ಹಂಚಿದರೆ ಲೆಕ್ಕ ಸರಿಹೋಗುತ್ತದೆ. ಇದರೊಂದಿಗೆ ತಲೆಯ ಸುತ್ತ ರಬ್ಬರಿನ ಅಂಚುಪಟ್ಟಿಯನ್ನು ಕೂರಿಸಿ, ಹಿಡಿಗೂ ಕೊಳವೆಗೂ ನಡುವೆ ತಿರುಗುಕೀಲನ್ನು ಸೇರಿಸಿದರೆ, ಕೊಳವೆ ತಿರುಚಿಕೊಂಡು ತಲೆಯನ್ನು ಬಣ್ಣದ ಮೇಲೆ ಒರೆಯುವ ಅಪಾಯವೂ ತಪ್ಪುತ್ತದೆ.

ಚಳಿಗಾಲದ ಕಷ್ಟವೇ ಬೇರೆ. ನ್ಯೂಯಾರ್ಕ್, ಮಿಷಿಗನ್, ಮಿನ್ನೆಸೋಟಗಳಂತಹ ರಾಜ್ಯಗಳಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ಲೋಹವನ್ನು ತಿನ್ನುವುದರಿಂದ, ಅಲ್ಲಿ ನೆಲೆಸಿರುವ ಕನ್ನಡಿಗರನ್ನೂ ಒಳಗೊಂಡು ಎಲ್ಲರೂ ಕಾರು ತೊಳೆಯಲೇಬೇಕಾದ ಕಾಲವದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಬ್ರಷ್ಷಿನ ಹಿಡಿಯನ್ನೂ ತಲೆಯನ್ನೂ ಸೀಳುವ ಕಾಲವೂ ಅದೇ. ಪ್ರತಿ ಬಳಕೆಯ ನಂತರ ಗಾಳಿಯಿಂದ ಕೊಳವೆಯನ್ನು ಬರಿದುಮಾಡುವ ವ್ಯವಸ್ಥೆ ಇಲ್ಲದ ತಾಣದಲ್ಲಿ ನೀರನ್ನು ಸದಾ ಸಣ್ಣಗೆ ಹರಿಯಬಿಡುವುದು ರೂಢಿ. ಎಳೆಗಳ ಮೇಲೆ ಹಿಮ ಕಟ್ಟಿದ ಬ್ರಷ್ ಮರಳು ಕಾಗದಕ್ಕಿಂತ ಕ್ರೂರವಾದುದರಿಂದ, ಅಂತಹ ದಿನ ಆ ಸೇವೆಯನ್ನು ಮುಚ್ಚುವುದೇ ಪ್ರಾಮಾಣಿಕ ವ್ಯಾಪಾರ.

ಒಟ್ಟಿನಲ್ಲಿ, ದುಬಾರಿ ಎಳೆಗೆ ಸುರಿಯುವ ಹಣದ ಒಂದು ಪಾಲನ್ನು ನೊರೆಯ ಹದಕ್ಕೂ ರಂಧ್ರಗಳ ಹಂಚಿಕೆಗೂ ವಿನಿಯೋಗಿಸುವ ತಾಣವೇ ಕಾರಿನ ಬಣ್ಣವನ್ನು ಉಳಿಸುತ್ತದೆ. ಎಳೆಗಳು ಹೊರಮೊಗವಾಗಿ ಬಾಗಿ ತಲೆಯ ಗಟ್ಟಿ ಭಾಗ ಕಾಣಿಸತೊಡಗಿದ ಬ್ರಷ್ಷನ್ನು ತಾಣದ ಮಾಲೀಕರು ಅಂದೇ ಬದಲಾಯಿಸಬೇಕು. ಬಳಸುವವರು ಮೊದಲು ಒತ್ತಡದ ನೀರಿನಿಂದ ಕಾರಿನ ಮಣ್ಣನ್ನೆಲ್ಲ ಕೆಡವಿ, ಅದೇ ನೀರಿನಿಂದ ಬ್ರಷ್ಷನ್ನೂ ತೊಳೆದು, ಅಂಚಿನ ಎಳೆಗಳವರೆಗೆ ನೊರೆ ಬಂದುದನ್ನು ಕಣ್ಣಾರೆ ಕಂಡ ಮೇಲೆಯೇ ಅದನ್ನು ಕಾರಿಗೆ ತಾಗಿಸಬೇಕು.