ಬದು ತೋರಿಸಿದವನೇ ಒತ್ತುವರಿದಾರ

ಪ್ರಿಂಟರ್ ಕೊಂಡವರು ಟೋನರ್ ಎಷ್ಟು ಉಳಿದಿದೆ, ಕಾಗದ ಎಷ್ಟು ಬೇಕು ಎಂದು ನೋಡಿಕೊಳ್ಳುತ್ತಾರೆ. ಕಂಪ್ಯೂಟರಿಗೂ ಪ್ರಿಂಟರಿಗೂ ಮಾತು ಬೆಸೆಯುವ ಡ್ರೈವರ್ ಎಂಬ ತಂತ್ರಾಂಶದ ಕಡೆ ಯಾರ ಗಮನವೂ ಇರುವುದಿಲ್ಲ. 2005ರಿಂದ ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಪ್ರಿಂಟರ್‌ಗಳ ಜೊತೆ ಬಂದ ‘ಎಸ್‌ಎಸ್‌ಪೋರ್ಟ್’ ಎಂಬ ಡ್ರೈವರ್ ಹೀಗೆಯೇ ಲಕ್ಷಾಂತರ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ತಣ್ಣಗೆ ಕೂತಿತ್ತು. ಅದರೊಳಗಿನ ದೋಷ ಸೆಂಟಿನೆಲ್‌ಒನ್ ಎಂಬ ಭದ್ರತಾ ಸಂಸ್ಥೆಯ ಕಣ್ಣಿಗೆ ಬೀಳಲು 16 ವರ್ಷ ಬೇಕಾಯಿತು.

ದೋಷದ ಹೆಸರು ಬಫರ್ ಓವರ್‌ಫ್ಲೋ. ಮೆಮೊರಿಯಲ್ಲಿ ಇಷ್ಟೇ ಅಕ್ಷರಕ್ಕೆಂದು ಕಾದಿರಿಸಿದ ಜಾಗಕ್ಕೆ ಹೆಚ್ಚು ತುಂಬಿದರೆ, ಮಿಕ್ಕಿದ್ದು ಪಕ್ಕದ ಮಾಹಿತಿಯನ್ನು ಅಳಿಸಿ ಆ ಜಾಗದಲ್ಲಿ ಕೂರುತ್ತದೆ. ಬೇಸರದ ಸಂಗತಿಯೆಂದರೆ, ಇದನ್ನು ತಡೆಯುವ ಉಪಾಯ ಈ ಕೋಡ್‌ನಲ್ಲೇ ಇತ್ತು. ಎಷ್ಟು ಅಕ್ಷರ ನಕಲಿಸಬೇಕೆಂಬ ಮಿತಿಯನ್ನು ಕೇಳಿ ಪಡೆಯುವ ‘ಸ್ಟ್ರ್‌ಎನ್‌ಕಾಪಿ’ ಫಂಕ್ಷನನ್ನೇ ಬಳಸಿದ್ದರು. ಆದರೆ ಆ ಮಿತಿ ಬರುತ್ತಿದ್ದದ್ದು ಮಾಹಿತಿ ಕಳಿಸುವವನಿಂದಲೇ! ಹೊಲದ ಬದು ಎಲ್ಲಿದೆಯೆಂದು ಒತ್ತುವರಿದಾರನನ್ನೇ ಕೇಳಿದ ಹಾಗೆ.

ಡ್ರೈವರ್ ಕೆಲಸ ಮಾಡುವುದು ವಿಂಡೋಸ್‌ನ ಕರ್ನಲ್‌ನಲ್ಲಿ, ಅಂದರೆ ಎಲ್ಲ ಅಧಿಕಾರವೂ ಇರುವ ಒಳಪದರದಲ್ಲಿ. ಹಾಗಾಗಿ ಮಾಮೂಲಿ ಖಾತೆಯವನೂ ಈ ದೋಷ ಹಿಡಿದು ಇಡೀ ಯಂತ್ರದ ಒಡೆಯನಾಗಬಹುದಿತ್ತು. ಅದಕ್ಕೆ ಮೊದಲು ಆ ಯಂತ್ರದೊಳಗೆ ಕಾಲಿಟ್ಟಿರಬೇಕು ಎಂಬುದಷ್ಟೇ ಸಮಾಧಾನ. ನೋವೆಲ್ ಕಂಪನಿಯ ಮುದ್ರಣ ತಂತ್ರಾಂಶ ‘ಐಪ್ರಿಂಟ್’ ಕ್ಲೈಂಟ್‌ನಲ್ಲಿ ಆ ಸಮಾಧಾನವೂ ಇರಲಿಲ್ಲ. 2008ರಿಂದ 2010ರವರೆಗೆ ಅದರ ಬ್ರೌಸರ್ ಪ್ಲಗಿನ್‌ನಲ್ಲಿ ಇದೇ ಜಾತಿಯ ದೋಷಗಳು ಮತ್ತೆ ಮತ್ತೆ ಸಿಕ್ಕವು. ಅಲ್ಲಿ ದುರುದ್ದೇಶದ ಪುಟವೊಂದನ್ನು ತೆರೆದರೂ ಸಾಕಿತ್ತು.

ಎಸ್‌ಎಸ್‌ಪೋರ್ಟ್‌ನಲ್ಲಿ ‘ಈ ಸ್ಟ್ರಿಂಗ್ ಡಿವೈಸ್ ಡ್ರೈವರ್‌ನಿಂದ ಬಂದದ್ದು’ ಎಂಬರ್ಥದ ಒಂದು ವಿಚಿತ್ರ ಸಾಲೂ ಉಳಿದುಕೊಂಡಿತ್ತು. ಮೈಕ್ರೋಸಾಫ್ಟ್ ಕಲಿಯುವವರಿಗೆಂದು ಕೊಟ್ಟ ಮಾದರಿ ಕೋಡನ್ನೇ ಎತ್ತಿಕೊಂಡಂತಿದೆ ಎಂದರು ಸಂಶೋಧಕರು. ಆ ಮಾದರಿಯಲ್ಲಿ ಈ ದೋಷವಿರಲಿಲ್ಲ. ಎರವಲು ತಂದದ್ದನ್ನು ಕೆಡಿಸಿ, ಆಮೇಲೆ ತಿರುಗಿಯೂ ನೋಡದಿರುವುದು ಕ್ಷಮಿಸುವ ಮಾತಲ್ಲ. 2017ರಲ್ಲಿ ಸ್ಯಾಮ್‌ಸಂಗ್‌ನ ಪ್ರಿಂಟರ್ ವ್ಯವಹಾರವನ್ನು ಎಚ್‌ಪಿ ಕೊಂಡಾಗಲಾದರೂ ಹಳೆಯ ಕೋಡನ್ನು ಜಾಲಾಡಬಹುದಿತ್ತು.

ಗೊತ್ತಾದ ಮೇಲೆ ಮಾತ್ರ ಕೆಲಸ ಚುರುಕಾಗಿ ನಡೆಯಿತು. 2021ರ ಫೆಬ್ರವರಿಯಲ್ಲಿ ಎಚ್‌ಪಿಗೆ ದೂರು ಹೋಯಿತು, ಮೇ 19ಕ್ಕೆ ದೋಷ ಸರಿಪಡಿಸುವ ಪ್ಯಾಚ್ ಬಂತು, ಜುಲೈನಲ್ಲಿ ವಿವರ ಬಹಿರಂಗವಾಯಿತು. ತೀವ್ರತೆಗೆ ಹತ್ತರಲ್ಲಿ 8.8 ಅಂಕ. ಅಷ್ಟರವರೆಗೆ ಯಾರೂ ಇದನ್ನು ದುರ್ಬಳಕೆ ಮಾಡಿಕೊಂಡ ಕುರುಹು ಸಿಗಲಿಲ್ಲ.

ಈ ದೋಷವಿರುವ ಪ್ರಿಂಟರ್‌ಗಳ ಪಟ್ಟಿಯಲ್ಲಿ ಎಚ್‌ಪಿ, ಸ್ಯಾಮ್‌ಸಂಗ್‌ನ 380ಕ್ಕೂ ಹೆಚ್ಚು ಮಾದರಿಗಳಿವೆ. ಪ್ರಿಂಟರ್ ಜೋಡಿಸದಿದ್ದರೂ ಕಂಪ್ಯೂಟರ್ ಆನ್ ಆದಾಗಲೆಲ್ಲ ಈ ಡ್ರೈವರ್ ಎದ್ದು ಕೂರುತ್ತದೆ. ಹಳೆಯ ಲೇಸರ್ ಪ್ರಿಂಟರ್ ಇಟ್ಟುಕೊಂಡವರು ಕಂಪನಿಯ ಪಟ್ಟಿಯಲ್ಲಿ ತಮ್ಮ ಮಾದರಿ ಇದೆಯೇ ಎಂದು ನೋಡಿ, ಇದ್ದರೆ ಪ್ಯಾಚ್ ಹಾಕಿಕೊಳ್ಳಲಿ.